“ಅವರಿಗೆ ಮಾತ್ರ ಯಾಕೆ ಮಿಸ್?” ಹೈಸ್ಕೂಲಿನಲ್ಲಿ ತಾರತಮ್ಯದ ಪಾಠ ಮಾಡುವಾಗ

ಸರ್ಕಾರಿ ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕಿಯೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಊರಿನ ಗುರುತು ಬಿಟ್ಟು, ಸ್ವಲ್ಪ ಚಿಕ್ಕದು ಮಾಡಿ ಇಲ್ಲಿ ಕೊಟ್ಟಿದ್ದೇನೆ.

“ಸೇವೆಗೆ ಸೇರಿ 4 ವರ್ಷ ಆಯಿತು. ಹತ್ತನೇ ತರಗತಿಯಲ್ಲಿ 43 ಮಕ್ಕಳಿದ್ದಾರೆ. ಹೋದ ವಾರ ಸಾಮಾಜಿಕ ಸ್ತರವಿನ್ಯಾಸದ, ಅಂದರೆ ಸಮಾಜದಲ್ಲಿನ ಮೇಲು ಕೀಳಿನ, ಪಾಠ ಶುರು ಮಾಡಿದೆ. ‘ನಮ್ಮ ಊರಲ್ಲಿ ಈಗ ಅಸ್ಪೃಶ್ಯತೆ ಇದೆಯಾ?’ ಎಂದು ಕೇಳಿದೆ. ಇಡೀ ತರಗತಿ ಒಂದೇ ದನಿಯಲ್ಲಿ ‘ಇಲ್ಲಾ ಮಿಸ್’ ಅಂದಿತು. ಕೊನೆಯ ಸಾಲಿನ ಒಬ್ಬಳು ಮಾತ್ರ ತಲೆ ತಗ್ಗಿಸಿ ಕೂತಿದ್ದಳು. ಅವಳನ್ನೇ ಎಬ್ಬಿಸಿ, ‘ನಿನಗೆ ಏನಾದರೂ ಅನುಭವ ಆಗಿದ್ದರೆ ಹೇಳಮ್ಮ, ಎಲ್ಲರಿಗೂ ಗೊತ್ತಾಗಲಿ’ ಎಂದೆ. ಅವಳು ಮಾತಾಡಲಿಲ್ಲ. ಆಮೇಲೆ 3 ದಿನ ಶಾಲೆಗೆ ಬರಲಿಲ್ಲ. ಅದೇ ಪಿರಿಯಡ್‌ನಲ್ಲಿ ಒಬ್ಬ ಹುಡುಗ ಎದ್ದು, ‘ಎಲ್ಲರೂ ಸಮಾನ ಅಂತೀರಿ, ಮತ್ತೆ ಸ್ಕಾಲರ್‌ಶಿಪ್ ಅವರಿಗೆ ಮಾತ್ರ ಯಾಕೆ ಮಿಸ್?’ ಅಂದ. ಕೆಲವರು ಚಪ್ಪಾಳೆ ತಟ್ಟಿದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ‘ಕೂತ್ಕೋ’ ಎಂದು ಗದರಿದೆ.

“ಜೂನ್‌ನಲ್ಲಿ ಬಿಸಿಯೂಟಕ್ಕೆ ಹೊಸ ಅಡುಗೆಯವರು ಬಂದ ಮೇಲೆ 6 ಮಕ್ಕಳು ಮನೆಯಿಂದ ಡಬ್ಬಿ ತರುತ್ತಿದ್ದಾರೆ. ಊಟಕ್ಕೆ ಮಕ್ಕಳು ಕೇರಿ ಪ್ರಕಾರವೇ ಕೂರುತ್ತಾರೆ ಎಂಬುದೂ ಈಗ ಕಣ್ಣಿಗೆ ಬೀಳುತ್ತಿದೆ. ಸ್ಟಾಫ್ ರೂಮಿನಲ್ಲಿ ಹೇಳಿದರೆ, ‘ಮಕ್ಕಳಿಗೆ ಏನೂ ಗೊತ್ತಿಲ್ಲ, ನೀವೇ ಜಾತಿ ತಲೆಗೆ ತುಂಬುತ್ತಿದ್ದೀರಿ, 2 ಅಂಕದ ಪ್ರಶ್ನೆ ಬರೆಸಿ ಮುಗಿಸಿ’ ಅಂತಾರೆ. ಕಣ್ಣಿನ ಬಣ್ಣದ ಮೇಲೆ ಮಕ್ಕಳನ್ನು ಎರಡು ಗುಂಪು ಮಾಡಿದ ಅಮೆರಿಕದ ಟೀಚರ್ ಒಬ್ಬರ ವಿಡಿಯೋ ನೋಡಿದೆ. ಅಂಥದ್ದು ಮಾಡಲೇ? ಇಲ್ಲಿಗೇ ಬಿಟ್ಟುಬಿಡಲೇ? ಮುಂದಿನ ವಾರ ಅದೇ ಪಾಠ ಮುಂದುವರಿಸಬೇಕು. ಎಲ್ಲಿಂದ ಶುರು ಮಾಡಲಿ?”

ಮೇಡಂ, ಮೊದಲು ಆ ಹುಡುಗಿಯ ವಿಷಯ. ಪಾಠ ಆಮೇಲೆ.

3 ದಿನದ ನಂತರ ಅವಳು ಬಂದಳೋ ಇಲ್ಲವೋ ನೀವು ಬರೆದಿಲ್ಲ. ಬಂದಿದ್ದರೆ, ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ, ಲೈಬ್ರರಿ ಪುಸ್ತಕ ಕೊಡುವ ನೆಪದಲ್ಲೋ ಮತ್ತೊಂದರಲ್ಲೋ ಅವಳನ್ನು ಮಾತಾಡಿಸಿ. “ಅವತ್ತು ಎಲ್ಲರ ಮುಂದೆ ನಿನ್ನನ್ನು ಎಬ್ಬಿಸಿದ್ದು ನನ್ನ ತಪ್ಪು. ಇನ್ನು ಮೇಲೆ ಹಾಗೆ ಮಾಡಲ್ಲ” ಅಂತ ಹೇಳಿ. ಅಷ್ಟೇ ಸಾಕು. ಏನಾಯಿತು, ಯಾರು ಅಂದರು ಅಂತ ಕೆದಕಬೇಡಿ. ಅವಳಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ. ಬಂದಿಲ್ಲ ಅಂದರೆ ನೀವೇ ಮನೆಗೆ ಹೋಗಿ. ಜೊತೆಯ ಮಕ್ಕಳನ್ನು ಕರೆಯಲು ಕಳಿಸಬೇಡಿ. ತಾಯಿಯ ಹತ್ತಿರವೂ ಇದೇ ಮಾತು ಹೇಳಿ. ಟೀಚರ್ ಮನೆ ಬಾಗಿಲಿಗೆ ಬಂದು “ನನ್ನಿಂದ ತಪ್ಪಾಯಿತು” ಅಂದದ್ದು ಆ ಮಗುವಿಗೆ ಬಹಳ ದಿನ ನೆನಪಿರುತ್ತದೆ. ಅವರು ಕೂರಿಸಿ ನೀರೋ ಚಹಾವೋ ಕೊಟ್ಟರೆ ಕುಡಿದು ಬನ್ನಿ. ಇದನ್ನು ನಿಮಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತಿದ್ದೇನೆ. ಅಲ್ಲಿ ಎಲ್ಲರ ಕಣ್ಣೂ ಆ ಲೋಟದ ಮೇಲೇ ಇರುತ್ತದೆ.

ನಿಮ್ಮ ಪತ್ರದಲ್ಲಿ ಎರಡು ಭಯ ಕಾಣುತ್ತಿವೆ. ಒಂದು, ಈ ವಿಷಯ ತೆಗೆದರೆ ಮಕ್ಕಳಿಗೆ ನೋವಾಗುತ್ತದೆ ಎಂಬುದು. ಇನ್ನೊಂದು, ತೆಗೆಯದಿದ್ದರೆ ನೀವೂ ಆ “ಇಲ್ಲಾ ಮಿಸ್”ಗೆ ದನಿಗೂಡಿಸಿದಂತೆ ಆಗುತ್ತದೆ ಎಂಬುದು. ಎರಡೂ ಸರಿಯಾದ ಭಯಗಳೇ. ನಾನು 24 ವರ್ಷ ಹೈಸ್ಕೂಲಿನಲ್ಲಿ ನಿಮ್ಮದೇ ವಿಷಯ ಕಲಿಸಿದವಳು. ಆಮೇಲೆ 7 ವರ್ಷ ಶಿಕ್ಷಕರ ತರಬೇತಿಯಲ್ಲಿದ್ದೆ. ನನ್ನ ಅನುಭವದಲ್ಲಿ ಮಕ್ಕಳಿಗೆ ನೋವಾಗುವುದು ವಿಷಯ ತೆಗೆದದ್ದರಿಂದ ಅಲ್ಲ, ಬ್ಯಾಟರಿಯ ಬೆಳಕನ್ನು ಯಾರ ಮುಖಕ್ಕೆ ಬಿಟ್ಟೆವು ಎಂಬುದರಿಂದ. ಅವತ್ತು ಅದು ಆ ಹುಡುಗಿಯ ಮುಖಕ್ಕೆ ಬಿತ್ತು. ಬೀಳಬೇಕಾದದ್ದು ಪದ್ಧತಿಯ ಮೇಲೆ. ಆ ನಿಯಮ ಮಾಡಿದವರ ಮೇಲೆ, ಅದನ್ನು ಸುಮ್ನೆ ನೋಡಿಕೊಂಡು ನಿಂತವರ ಮೇಲೆ. ಮುಂದೆ ಹೇಳುವುದೆಲ್ಲ ಆ ಬೆಳಕನ್ನು ಹೇಗೆ ತಿರುಗಿಸುವುದು ಎಂಬುದರ ಬಗ್ಗೆಯೇ.

“ಮಕ್ಕಳಿಗೆ ಏನೂ ಗೊತ್ತಿಲ್ಲ” ಎಂಬ ಮಾತು ನಾನು ಹೋದ ಶಾಲೆಯಲ್ಲೆಲ್ಲ ಕೇಳಿದ್ದೇನೆ. ಹೇಳುವವರು ಒಳ್ಳೆಯವರೇ. ಆದರೆ ಅದು ನಿಜವಲ್ಲ. ಯಾರ ಮನೆಯಲ್ಲಿ ಅಡುಗೆಮನೆ ತನಕ ಹೋಗಬಹುದು, ಯಾರ ಮನೆಯಲ್ಲಿ ಜಗಲಿಯಲ್ಲೇ ನಿಲ್ಲಬೇಕು ಎಂದು ಹಳ್ಳಿಯ ಮಗುವಿಗೆ ಒಂದನೇ ಕ್ಲಾಸಿಗೆ ಸೇರುವ ಮೊದಲೇ ಗೊತ್ತಿರುತ್ತದೆ. ಯಾರೂ ಕೂರಿಸಿ ಕಲಿಸಿರುವುದಿಲ್ಲ. ಅಜ್ಜಿಯ ಒಂದು ಕಣ್ಸನ್ನೆ, ಬೇರೆ ಇಟ್ಟ ಒಂದು ಲೋಟ, ಅಷ್ಟರಲ್ಲೇ ಕಲಿತಿರುತ್ತದೆ. ಪೇಟೆಯ ಮಗು ಇದನ್ನೇ “ನಿಮ್ಮ ಸರ್‌ನೇಮ್ ಏನು?” “ನೀವು ನಾನ್‌ವೆಜ್ಜಾ?” ಎಂಬ ಪ್ರಶ್ನೆಗಳಲ್ಲಿ ಕಲಿಯುತ್ತದೆ. ನಿಮ್ಮ 43 ಮಕ್ಕಳು ಊಟಕ್ಕೆ ಕೇರಿ ಪ್ರಕಾರ ಕೂರುತ್ತಾರೆ ಅಂದರೆ ಅವರಿಗೆ ಏನೂ ಗೊತ್ತಿಲ್ಲ ಅನ್ನಲು ಹೇಗೆ ಸಾಧ್ಯ? ಅವರಿಗೆ ಗೊತ್ತಿದೆ. ಟೀಚರ್ ಮುಂದೆ ಏನು ಹೇಳಬೇಕು ಎಂಬುದೂ ಗೊತ್ತಿದೆ. “ಇಲ್ಲಾ ಮಿಸ್” ಎಂಬುದು ಅವರು ಕಲಿತ ಉತ್ತರ.

ಇನ್ನೊಂದು ತಪ್ಪು ತಿಳಿವಳಿಕೆ, ಪೂರ್ವಾಗ್ರಹ ಇರುವುದು ಕೆಟ್ಟವರಲ್ಲಿ ಮಾತ್ರ ಎಂಬುದು. ಹೆನ್ರಿ ತಾಜ್ಫೆಲ್ ಎಂಬ ಮನಶ್ಶಾಸ್ತ್ರಜ್ಞ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನಡೆಸಿದ ಪ್ರಯೋಗಗಳು 1970ರಲ್ಲಿ ಪ್ರಕಟವಾದವು. ಅವುಗಳಲ್ಲಿ ಭಾಗವಹಿಸಿದವರು ನಿಮ್ಮ ಮಕ್ಕಳ ವಯಸ್ಸಿನವರೇ, 14-15 ವರ್ಷದ ಶಾಲಾ ಹುಡುಗರು. ಇಂಥ ಚಿತ್ರ ಇಷ್ಟಪಟ್ಟವರು ಒಂದು ಗುಂಪು, ಅಂಥದ್ದು ಇಷ್ಟಪಟ್ಟವರು ಇನ್ನೊಂದು ಗುಂಪು ಎಂದು ಅವರಿಗೆ ಹೇಳಿದರು. ನಿಜಕ್ಕೂ ಗುಂಪು ಮಾಡಿದ್ದು ಹಾಗೇ ಸುಮ್ಮನೆ. ಆಮೇಲೆ ದುಡ್ಡು ಹಂಚಲು ಹೇಳಿದರೆ ಹುಡುಗರು ತಮ್ಮ ಗುಂಪಿನವರಿಗೆ ಜಾಸ್ತಿ ಕೊಟ್ಟರು. ತಮ್ಮವರಿಗೆ ಸ್ವಲ್ಪ ಕಡಿಮೆ ಸಿಕ್ಕರೂ ಸರಿ, ಆ ಗುಂಪಿಗಿಂತ ಮೇಲೆ ಇರಬೇಕು ಎಂದು ಆಯ್ದುಕೊಂಡದ್ದೂ ಉಂಟು. ಹಿಂದೆ ಒಂದು ಜಗಳ ಇಲ್ಲ, ಒಂದು ಕಥೆ ಇಲ್ಲ. “ನಮ್ಮವರು” ಎಂಬ ಮಾತಿಗೇ ಅಷ್ಟು ಬಲ. ಇದನ್ನು ಮಕ್ಕಳಿಗೆ ಹೇಳಿದರೆ ಅವರು ಕಣ್ಣರಳಿಸಿ ಕೇಳುತ್ತಾರೆ. ಆದರೆ ಇಲ್ಲಿಗೇ ನಿಲ್ಲಿಸಬೇಡಿ. ಗುಂಪು ಕಟ್ಟುವ ಗುಣ ಮನುಷ್ಯನದ್ದು ನಿಜ. ಯಾವ ಗುಂಪು ಮೇಲೆ, ಯಾವುದು ಕೆಳಗೆ, ಬಾವಿ ಯಾರದ್ದು, ಕೆರೆ ಯಾರದ್ದು ಎಂದು ಹೇಳಿಕೊಟ್ಟದ್ದು ಊರು. ಊರು ಕಲಿಸಿದ್ದನ್ನು ಬಿಡಿಸಬಹುದು.

ಪೂರ್ವಾಗ್ರಹ ಮತ್ತು ತಾರತಮ್ಯ ಎಂಬ ಎರಡು ಪದ ಪುಸ್ತಕದಲ್ಲಿ ಹತ್ತಿರ ಹತ್ತಿರ ಬರುತ್ತವೆ. ಮಕ್ಕಳು ಕಲಸಿಬಿಡುತ್ತಾರೆ. ನಾನು ಹೀಗೆ ಹೇಳುತ್ತಿದ್ದೆ: ಆ ಕೇರಿಯವರು ಗಲೀಜು ಅಂತ ಮನಸ್ಸಿನಲ್ಲಿ ಅಂದುಕೊಂಡರೆ ಅದು ಪೂರ್ವಾಗ್ರಹ. ಅದೇ ಕಾರಣಕ್ಕೆ ಬಾಡಿಗೆಗೆ ಮನೆ ಕೊಡದಿದ್ದರೆ ಅದು ತಾರತಮ್ಯ. ಮೊದಲನೆಯದನ್ನು ಕಾನೂನು ಹಿಡಿಯಲಾರದು. ಎರಡನೆಯದಕ್ಕೆ ಸಂವಿಧಾನದ 15 ಮತ್ತು 17ನೇ ವಿಧಿ ಇವೆ, ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ಹೇಳುವ 1955ರ ಕಾಯ್ದೆ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಇಷ್ಟು ಅರ್ಥವಾದರೆ ನಿಮ್ಮ 2 ಅಂಕದ ಪ್ರಶ್ನೆಯೂ ತಾನಾಗೇ ಬರುತ್ತದೆ.

ಈಗ ನನ್ನದೇ ಒಂದು ತಪ್ಪಿನ ಬಗ್ಗೆ ಹೇಳಬೇಕು. ಸೇವೆಯ ಮೊದಲ ವರ್ಷಗಳಲ್ಲಿ ಸ್ಕಾಲರ್‌ಶಿಪ್ ಅರ್ಜಿ ಬಂದಾಗ ತರಗತಿಗೆ ಹೋಗಿ ಜೋರಾಗಿ, “ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ಲಿ” ಎನ್ನುತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ಒಂದು ವರ್ಷ ಗಣಿತದಲ್ಲಿ ತುಂಬ ಚುರುಕಾಗಿದ್ದ ಒಬ್ಬ ಹುಡುಗ ಎದ್ದು ನಿಲ್ಲಲಿಲ್ಲ. ಸಂಜೆ ಬಂದು, “ಮಿಸ್, ನನಗೆ ಸ್ಕಾಲರ್‌ಶಿಪ್ ಬೇಡ. ಆದರೆ ಹಾಗೆ ಕೂಗಬೇಡಿ” ಎಂದ. ಅವನ ಮನೆಗೆ ಆ ಹಣ ಎಷ್ಟು ಬೇಕಾಗಿತ್ತು ಎಂದು ನನಗೆ ಗೊತ್ತಿತ್ತು. ಆ ದಿನದಿಂದ ನಾನು ಹಾಗೆ ಕೂಗಲಿಲ್ಲ. ಅರ್ಜಿಯನ್ನು ಒಬ್ಬೊಬ್ಬರಿಗೇ ಕರೆದು ಕೊಟ್ಟೆ.

ವರ್ಷಗಳ ನಂತರ ಒಂದು ಅಧ್ಯಯನ ಓದಿದಾಗ ಆ ಹುಡುಗನ ಮುಖ ಮತ್ತೆ ಕಣ್ಣ ಮುಂದೆ ಬಂತು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ 6 ಮತ್ತು 7ನೇ ತರಗತಿಯ 642 ಹುಡುಗರಿಗೆ ದಾರಿ ಹುಡುಕುವ ಒಗಟು ಕೊಟ್ಟರು. ಅರ್ಧ ಮಂದಿ ಮೇಲ್ಜಾತಿಯವರು, ಅರ್ಧ ಮಂದಿ ಕೆಳಜಾತಿ ಎನಿಸಿಕೊಂಡವರು. ಜಾತಿ ಹೇಳದೆ ಒಗಟು ಕೊಟ್ಟಾಗ ಎರಡೂ ಗುಂಪಿನವರು ಹೆಚ್ಚೂಕಡಿಮೆ ಒಂದೇ ಥರ ಬಿಡಿಸಿದರು. ಎಲ್ಲರ ಮುಂದೆ ಹೆಸರಿನ ಜೊತೆ ಜಾತಿಯನ್ನೂ ಕೂಗಿ ಹೇಳಿದ ಮೇಲೆ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಎದ್ದು ಕಾಣುವಷ್ಟು ಇಳಿಯಿತು. ಬುದ್ಧಿ ಅದೇ, ಒಗಟು ಅದೇ. ಬದಲಾದದ್ದು ಕೂಗಿದ ಒಂದು ಪದ ಮಾತ್ರ.

ಹಾಗಾಗಿ ಪಾಠಕ್ಕೆ ಮೊದಲು ಒಂದು ವಾರ ನಿಮ್ಮ ಶಾಲೆಯನ್ನೇ ಗಮನಿಸಿ. ಯಾರ ಕೈಗೆ ಪೊರಕೆ ಹೋಗುತ್ತದೆ? ನೀರಿನ ಡ್ರಮ್ ತುಂಬಿಸುವುದು ಯಾರು? ಸ್ಟಾಫ್ ರೂಮಿಗೆ ಚಹಾ ತರಲು ಯಾರನ್ನು ಕಳಿಸುತ್ತೀರಿ? ಶೌಚಾಲಯಕ್ಕೆ ನೀರು ಹಾಕು ಎಂದು ಯಾರಿಗೆ ಹೇಳುತ್ತಾರೆ? ಪ್ರಾರ್ಥನೆಗೆ ಮುಂದೆ ನಿಲ್ಲುವವರು, ಅತಿಥಿಗೆ ಹೂವು ಕೊಡುವವರು ಯಾರು? ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾರಿಗೂ ತೋರಿಸಬೇಡಿ. ನಾನು ತರಬೇತಿಗೆ ಬಂದ ಶಿಕ್ಷಕರಿಗೆ ಈ ಕೆಲಸ ಕೊಟ್ಟಾಗ ಅನೇಕರು ಮರುವಾರ ಸಪ್ಪೆ ಮುಖದಲ್ಲಿ ಬರುತ್ತಿದ್ದರು. ಬೇಕಂತ ಯಾರೂ ಮಾಡಿರಲಿಲ್ಲ. ಕೈ ತಾನಾಗೇ ಆ ಕಡೆ ತೋರಿಸಿತ್ತು. ಹಾಜರಿ ಸಂಖ್ಯೆಯ ಪ್ರಕಾರ ಸರದಿ ಮಾಡಿ, ಚಾರ್ಟ್ ಬರೆದು ಗೋಡೆಗೆ ಅಂಟಿಸಿ. ಕೂರುವ ಜಾಗವನ್ನೂ 15 ದಿನಕ್ಕೊಮ್ಮೆ ಬದಲಿಸಿ. ತಾರತಮ್ಯದ ಬಗ್ಗೆ ನೀವು ಮಾಡುವ ಮೊದಲ ಪಾಠ ಅದೇ. ಮಕ್ಕಳು ಕಿವಿಗಿಂತ ಕಣ್ಣಿನಿಂದ ಜಾಸ್ತಿ ಕಲಿಯುತ್ತಾರೆ.

ಇನ್ನು ಕಣ್ಣಿನ ಬಣ್ಣದ ಆಟ. ನೀವು ನೋಡಿದ್ದು ಜೇನ್ ಎಲಿಯಟ್ ಅವರ ವಿಡಿಯೋ ಇರಬೇಕು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಮರುದಿನ, 1968ರ ಏಪ್ರಿಲ್ 5ರಂದು, ಅಯೋವಾ ರಾಜ್ಯದ ರೈಸ್‌ವಿಲ್ ಎಂಬ ಸಣ್ಣ ಊರಿನಲ್ಲಿ 3ನೇ ತರಗತಿಯ ಮಕ್ಕಳ ಜೊತೆ ಅವರು ಮಾಡಿದ್ದು. ಒಂದು ದಿನ ಈ ಬಣ್ಣದ ಕಣ್ಣಿನವರು ಶ್ರೇಷ್ಠರು, ಇನ್ನೊಂದು ದಿನ ಆ ಬಣ್ಣದವರು. ಕೆಲವೇ ಗಂಟೆಗಳಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಹೀಯಾಳಿಸತೊಡಗಿದರು. ಅವರ ಧೈರ್ಯಕ್ಕೆ ನನಗೆ ಗೌರವವಿದೆ. ಆದರೂ ನೀವು ಮಾಡಬೇಡಿ ಎಂದೇ ಹೇಳುತ್ತೇನೆ. ಅವರ ತರಗತಿಯ ಮಕ್ಕಳೆಲ್ಲ ಬಿಳಿಯರು. ಅವಮಾನ ಎಂದರೇನು ಎಂದು ಒಂದು ದಿನ ರುಚಿ ತೋರಿಸಿ ವಾಪಸ್ ತೆಗೆದುಕೊಂಡರು. ನಿಮ್ಮ ತರಗತಿಯಲ್ಲಿ ಅದರ ರುಚಿ ದಿನವೂ ನೋಡುವ ಮಕ್ಕಳಿದ್ದಾರೆ. ಅವರನ್ನು ಆಟಕ್ಕಾಗಿ ಇನ್ನೊಮ್ಮೆ ಕೆಳಗೆ ಕೂರಿಸುವುದು ಬೇಡ. ಪಾಲಕರಿಗೆ ತಿಳಿಸದೆ ಮಕ್ಕಳಿಗೆ ಸುಳ್ಳು ಹೇಳಿ ನೋಯಿಸುವ ಯಾವ ಚಟುವಟಿಕೆಯೂ ಬೇಡ. ಆಟದ ಸಿಟ್ಟು ನಾಲ್ಕು ಗಂಟೆಯ ಬೆಲ್ ಹೊಡೆದ ಮೇಲೆ ಬಸ್ ಸ್ಟಾಪಿನಲ್ಲಿ ಮುಂದುವರಿದರೆ ಅಲ್ಲಿ ತಡೆಯುವವರು ಯಾರು?

“ನಿಮ್ಮ ನಿಮ್ಮ ಅನುಭವ ಹೇಳಿ” ಎನ್ನುವುದರಲ್ಲೂ ಇದೇ ಅಪಾಯ. ಹೆಸರಿಲ್ಲದ ಚೀಟಿ ಬರೆಸಬಹುದು ಅನ್ನುತ್ತಾರೆ. ಹತ್ತು ವರ್ಷ ಒಟ್ಟಿಗೆ ಓದಿದ ಮಕ್ಕಳಿಗೆ ಪರಸ್ಪರರ ಅಕ್ಷರ ಗೊತ್ತಿರುತ್ತದೆ. ಚೀಟಿ ಬರೆಸಿದರೆ ನೀವು ಮಾತ್ರ ಓದಿ, ತರಗತಿಯಲ್ಲಿ ಓದಬೇಡಿ.

ದೂರದ ಕಥೆಯಿಂದ ಶುರು ಮಾಡುವುದು ಒಳ್ಳೆಯ ದಾರಿ. ಅಂಬೇಡ್ಕರ್ ಸತಾರಾದ ಶಾಲೆಯ ದಿನಗಳ ಬಗ್ಗೆ ತಾವೇ ಬರೆದಿದ್ದಾರೆ. ಕೂರಲು ಮನೆಯಿಂದ ಗೋಣಿತಟ್ಟು ತರಬೇಕಿತ್ತು. ಅದನ್ನು ಶಾಲೆಯಲ್ಲಿ ಬಿಡುವಂತಿರಲಿಲ್ಲ, ಗುಡಿಸುವವರು ಮುಟ್ಟುತ್ತಿರಲಿಲ್ಲ. ನಲ್ಲಿಯನ್ನು ಅಂಬೇಡ್ಕರ್ ಮುಟ್ಟುವಂತಿರಲಿಲ್ಲ, ಶಾಲೆಯ ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದ ದಿನ ನೀರಿಲ್ಲ. ಈ ಕಥೆಯನ್ನು ನಾವೆಲ್ಲ ಹೇಳಿದ್ದೇವೆ. ಹೇಳಿ, “ಪಾಪ, ಎಷ್ಟು ಕಷ್ಟಪಟ್ಟರು ನೋಡಿ” ಎಂದು ಮುಗಿಸಿದ್ದೇವೆ. ಅಲ್ಲಿಗೆ ಬೆಳಕು ಮತ್ತೆ ನೊಂದವನ ಮುಖಕ್ಕೇ ಬಿತ್ತು. ಈ ಸಲ ಪ್ರಶ್ನೆ ಬದಲಿಸಿ. ಆ ತರಗತಿಯಲ್ಲಿ ಬೇರೆ ಹುಡುಗರೂ ಇದ್ದರಲ್ಲ, ಅವರು ಏನು ಮಾಡುತ್ತಿದ್ದರು? ಆ ನಿಯಮ ಎಲ್ಲಿ ಬರೆದಿತ್ತು? ಬರೆದಿರದಿದ್ದರೆ ಎಲ್ಲರಿಗೂ ಹೇಗೆ ಗೊತ್ತಿತ್ತು? ಒಬ್ಬ ಹುಡುಗ ಎದ್ದು ನಲ್ಲಿ ತಿರುಗಿಸಿದ್ದರೆ ಮನೆಯಲ್ಲಿ ಅವನಿಗೆ ಏನಾಗುತ್ತಿತ್ತು? ಮೇಷ್ಟ್ರು ಯಾಕೆ ಸುಮ್ಮನಿದ್ದರು? ಈ ಕೊನೆಯ ಪ್ರಶ್ನೆಗೆ ಮಕ್ಕಳು ಬಹಳ ಹೊತ್ತು ಉತ್ತರ ಹುಡುಕುತ್ತಾರೆ. ನಾನು ಇದನ್ನು ಹಲವು ಸಲ ಮಾಡಿದ್ದೇನೆ. ಮೇಲ್ಜಾತಿಯ ಮಕ್ಕಳಿಗೆ “ನಮ್ಮನ್ನು ಬೈತಿದ್ದಾರೆ” ಅನ್ನಿಸುವುದಿಲ್ಲ, “ನಾನಿದ್ದಿದ್ದರೆ ಏನು ಮಾಡುತ್ತಿದ್ದೆ” ಅನ್ನಿಸುತ್ತದೆ. ದಲಿತ ಮಕ್ಕಳು ತಲೆ ಎತ್ತಿ ಕೂರುತ್ತಾರೆ, ಯಾಕೆಂದರೆ ಪ್ರಶ್ನೆ ಅವರ ಬಗ್ಗೆ ಇಲ್ಲ. ಈ ದಾರಿಯ ಅಪಾಯ ಒಂದೇ. ಪಾಠ ಸತಾರಾದಲ್ಲೇ ಉಳಿದು, “ಆಗ ಇತ್ತು, ಈಗ ಇಲ್ಲ” ಆಗಿಬಿಡಬಹುದು. ಅದಕ್ಕೆ ಎರಡನೇ ಪಿರಿಯಡ್‌ನಲ್ಲಿ ಊರಿಗೆ ಬರಬೇಕು.

ಜೊತೆಗೆ ಕಲಿಯುವುದು, ಆಡುವುದು ಮಾತಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಆದರೆ ಯಾವ ಥರ ಜೊತೆ ಎಂಬುದು ಮುಖ್ಯ. ಉತ್ತರ ಪ್ರದೇಶದಲ್ಲೇ ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ ಬೇರೆ ಬೇರೆ ಜಾತಿಯ ಯುವಕರ ಕ್ರಿಕೆಟ್ ಲೀಗ್ ನಡೆಸಿ ನೋಡಿದರು. ಒಂದೇ ತಂಡದಲ್ಲಿ ಆಡಿದವರ ನಡುವೆ ಜಾತಿ ಮೀರಿದ ಗೆಳೆತನ ಬೆಳೆಯಿತು. ಎದುರಾಳಿಗಳಾಗಿ ಆಡಿದವರಲ್ಲಿ ಆ ಬದಲಾವಣೆ ಕಾಣಲಿಲ್ಲ. ಕೇರಿಗೊಂದು ಟೀಮ್ ಮಾಡುವ ಪಿಟಿ ಮೇಷ್ಟ್ರಿಗೆ ಇದನ್ನು ಹೇಳಿ. ತರಗತಿಯ ಒಳಗಾದರೆ, ಅಮೆರಿಕದ ಆಸ್ಟಿನ್‌ನಲ್ಲಿ 1971ರಲ್ಲಿ ಎಲಿಯಟ್ ಆರನ್ಸನ್ ಎಂಬುವರು ಕಪ್ಪು, ಬಿಳಿಯ ಮಕ್ಕಳು ಒಂದೇ ತರಗತಿಗೆ ಬಂದು ಜಗಳ ಹೆಚ್ಚಾದಾಗ ಮಾಡಿದ ಉಪಾಯ ನಮಗೂ ಒಗ್ಗುತ್ತದೆ. 5-6 ಮಕ್ಕಳ ಗುಂಪು. ಪಾಠವನ್ನು ಅಷ್ಟೇ ತುಂಡು ಮಾಡಿ ಒಬ್ಬೊಬ್ಬರಿಗೆ ಒಂದು ತುಂಡು ಕೊಡುವುದು. ಪ್ರತಿಯೊಬ್ಬರೂ ತಮ್ಮ ತುಂಡನ್ನು ಓದಿ ಉಳಿದವರಿಗೆ ಕಲಿಸಬೇಕು. ಪಕ್ಕದವಳ ಮಾತು ಕೇಳದಿದ್ದರೆ ನಿನಗೆ ಪಾಠ ಪೂರ್ತಿಯಾಗುವುದಿಲ್ಲ. ಇದನ್ನು ತಾರತಮ್ಯದ ಪಾಠಕ್ಕೆ ಬಳಸಬೇಡಿ. ಭೂಗೋಳಕ್ಕೋ ಅರ್ಥಶಾಸ್ತ್ರಕ್ಕೋ ಬಳಸಿ. ವಾರಕ್ಕೊಮ್ಮೆ, ಇಡೀ ವರ್ಷ. ಗುಂಪನ್ನು ನೀವೇ ಮಾಡಿ, ಮಕ್ಕಳಿಗೆ ಬಿಟ್ಟರೆ ಮತ್ತೆ ಕೇರಿಯೇ ಆಗುತ್ತದೆ.

ಈಗ ಆ ಹುಡುಗನ ಪ್ರಶ್ನೆ. ಅವನನ್ನು ಗದರಿದ್ದು ಸರಿಯಾಗಲಿಲ್ಲ. ಅವನು ಕೇಳಿದ್ದು ಮನೆಯಲ್ಲಿ ಊಟದ ಹೊತ್ತಿಗೆ ಕೇಳುವ ಮಾತು. ತರಗತಿಯಲ್ಲಿ ಉತ್ತರ ಸಿಗದಿದ್ದರೆ ಮೊಬೈಲಿನಲ್ಲಿ ಸಿಗುತ್ತದೆ, ಅದು ಎಂಥ ಉತ್ತರ ಅಂತ ನಿಮಗೂ ಗೊತ್ತು. ಅವನಿಗೆ ಎಲ್ಲರ ಮುಂದೆ, “ಅವತ್ತು ನಿನ್ನ ಪ್ರಶ್ನೆಗೆ ಉತ್ತರ ಕೊಡಲಿಲ್ಲ, ಇವತ್ತು ಕೊಡುತ್ತೇನೆ” ಅನ್ನಿ.

ಮೊದಲು ಲೆಕ್ಕ ಸರಿ ಮಾಡಿ. “ಅವರಿಗೆ ಮಾತ್ರ” ಎಂಬುದು ತಪ್ಪು. ಹಿಂದುಳಿದ ವರ್ಗದ ಮಕ್ಕಳಿಗೂ ವಿದ್ಯಾರ್ಥಿವೇತನ ಇದೆ. ಅಲ್ಪಸಂಖ್ಯಾತ ಮಕ್ಕಳಿಗೆ ಬೇರೆ ಯೋಜನೆಗಳಿವೆ. ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ ಬಂತು. ಮನೆಯ ಆದಾಯ ಕಡಿಮೆ ಇರುವ ಯಾವ ಜಾತಿಯ ಮಗುವಾದರೂ 8ನೇ ತರಗತಿಯಲ್ಲಿ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಬರೆದು ಆಯ್ಕೆಯಾದರೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. 2019ರಿಂದ ಮೀಸಲಾತಿ ಇಲ್ಲದ ವರ್ಗಗಳ ಬಡವರಿಗೂ 10% ಮೀಸಲಾತಿ ಬಂದಿದೆ. ಇಷ್ಟನ್ನು ಬೋರ್ಡಿನ ಮೇಲೆ ಬರೆದರೇ ಅರ್ಧ ಸಿಟ್ಟು ಇಳಿಯುತ್ತದೆ.

ಆಮೇಲೆ ಕಾರಣ. ಬಡತನ ಎಲ್ಲ ಜಾತಿಯಲ್ಲೂ ಇದೆ, ಅದನ್ನು ಒಪ್ಪಿಕೊಳ್ಳಿ. ಆ ಹುಡುಗನ ಮನೆಯಲ್ಲೂ ಸಾಲ ಇರಬಹುದು. ಆದರೆ ಬಡವನಾಗಿರುವುದು ಬೇರೆ, ಶಾಲೆಯ ಬಾಗಿಲಲ್ಲಿ ತಡೆಯುವುದು ಬೇರೆ. ನಮ್ಮ ನಾಡಿನದ್ದೇ ಕಥೆ ಹೇಳಿ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ನಡೆಸಲು ಹೊರಟಾಗ ಅವರ ಸ್ವಂತ ಸಮುದಾಯವೇ ಅವರನ್ನು ದೂರ ಇಟ್ಟಿತು. ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ್ದು 1897ರಲ್ಲಿ. ಮಕ್ಕಳಿಗೆ ಅಕ್ಷರ ಕಲಿಸುವುದೇ ಅಷ್ಟು ದೊಡ್ಡ ಅಪರಾಧ ಎನಿಸಿದ ಕಾಲ ಅದು. ಇಷ್ಟು ತಲೆಮಾರು ಹಿಂದೆ ಓಟ ಶುರು ಮಾಡಿದವರನ್ನು ಈಗ ಮಾತ್ರ ಒಂದೇ ಗೆರೆಯಲ್ಲಿ ನಿಲ್ಲಿಸಿ ಸೀಟಿ ಊದಿದರೆ ಆದೀತೇ ಎಂದು ಮಕ್ಕಳನ್ನೇ ಕೇಳಿ.

ಹಳೆ ಮೈಸೂರು ಕಡೆಯ ಶಾಲೆಯಾದರೆ ಮಿಲ್ಲರ್ ಸಮಿತಿಯ ಕಥೆ ಮರೆಯಬೇಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಆ ಸಮಿತಿ ಮಾಡಿತು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣರೇ ತುಂಬಿದ್ದರು. ಉಳಿದ ಬಹುತೇಕ ಎಲ್ಲ ಸಮುದಾಯಗಳನ್ನೂ ಹಿಂದುಳಿದವರು ಎಂದು ಪರಿಗಣಿಸಿ ಓದಲು, ನೌಕರಿಗೆ ನೆರವು ಕೊಡಬೇಕು ಎಂದಿತು ಸಮಿತಿ. ಇವತ್ತು ಊರಿನಲ್ಲಿ ಜಮೀನು, ಅಧಿಕಾರ ಇರುವ ಅನೇಕ ಸಮುದಾಯಗಳು ಆ ಪಟ್ಟಿಯಲ್ಲಿದ್ದವು. ಚಪ್ಪಾಳೆ ತಟ್ಟಿದ ಹುಡುಗರಲ್ಲಿ ಯಾರದೋ ಮುತ್ತಜ್ಜ ಮೊದಲು ಹೈಸ್ಕೂಲು ಕಂಡದ್ದು ಇಂಥ ನೆರವಿನಿಂದಲೇ ಇರಬಹುದು. ಇದನ್ನು ಯಾರ ಜಾತಿಯನ್ನೂ ಕೇಳದೆ, ಯಾರ ಕಡೆಗೂ ನೋಡದೆ ಹೇಳಿ. ಮಕ್ಕಳು ಮನೆಗೆ ಹೋಗಿ ಅಜ್ಜನನ್ನು ಕೇಳುತ್ತಾರೆ. ಅಷ್ಟಾದರೆ ಸಾಕು.

ಎಲ್ಲರಿಗೂ ಒಂದಲ್ಲ ಒಂದು ಅವಮಾನ ಆಗಿರುತ್ತದೆ, ದಪ್ಪಗಿದ್ದಾನೆ, ಕಪ್ಪಗಿದ್ದಾಳೆ, ಕುಂಟ ಎಂದೆಲ್ಲ ಕರೆಯುತ್ತಾರಲ್ಲ, ಅದರಿಂದ ಶುರು ಮಾಡಿದರೆ ಸುಲಭ ಎಂದು ಕೆಲವರು ಸಲಹೆ ಕೊಡಬಹುದು. ಅಡ್ಡಹೆಸರುಗಳನ್ನು ನಿಲ್ಲಿಸಲೇಬೇಕು. ಹುಡುಗಿಯರ ಮೇಲೆ, ಮುಸ್ಲಿಂ ಮಕ್ಕಳ ಮೇಲೆ, ವಲಸೆ ಬಂದ ಕೂಲಿಕಾರರ ಮಕ್ಕಳ ಮೇಲೆ ಬರುವ ಮಾತುಗಳನ್ನೂ ಬಿಡುವಂತಿಲ್ಲ. ಆದರೆ ಅವನ್ನು ಮುಂದಿಟ್ಟುಕೊಂಡು ಜಾತಿಯ ಮಾತು ತಪ್ಪಿಸಿಕೊಳ್ಳಬಾರದು. ನಿಮ್ಮ ಶಾಲೆಯಲ್ಲಿ ಊಟದ ಸಾಲು ಒಡೆದಿರುವುದು ಜಾತಿಯಿಂದ.

ಆ 6 ಡಬ್ಬಿಗಳ ವಿಷಯ ಪಾಠದಿಂದ ಬಗೆಹರಿಯುವಂಥದ್ದಲ್ಲ. ಅದು ಮುಖ್ಯ ಶಿಕ್ಷಕರ ಮತ್ತು ಇಲಾಖೆಯ ಕೆಲಸ. ಬಿಸಿಯೂಟದ ಅಡುಗೆ ಕೆಲಸಕ್ಕೆ ದಲಿತರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್ 20ರಂದು ಆದೇಶ ಮಾಡಿದೆ. ಹಾಗಾಗಿ “ಅಡುಗೆಯವರನ್ನು ಬದಲಿಸಿ ಸಮಾಧಾನ ಮಾಡೋಣ” ಎಂಬ ಮಾತು ಬಂದರೆ ಒಪ್ಪಲೇಬೇಡಿ. ಹಾಗೆ ಮಾಡಿದ ಊರುಗಳಲ್ಲಿ ಮಕ್ಕಳು ಕಲಿತ ಪಾಠ ಯಾವ ಪುಸ್ತಕದಿಂದಲೂ ಅಳಿಸುವಂಥದ್ದಲ್ಲ.

ಮಕ್ಕಳನ್ನು ಮಾತ್ರ ಬೈಯಬೇಡಿ. ಡಬ್ಬಿ ಕಟ್ಟಿದ್ದು ಅವರಲ್ಲ. ಬಲವಂತವಾಗಿ ಉಣ್ಣಿಸಬೇಡಿ, ಡಬ್ಬಿ ತಂದವರನ್ನು ಬೇರೆ ಕೂರಿಸಬೇಡಿ. ಮೊದಲು ವಿಚಾರಿಸಿ. ಒಬ್ಬರಿಗೆ ಹೊಟ್ಟೆಯ ತೊಂದರೆಯೇ ಇರಬಹುದು. ಬಡಿಸುವ ಮೊದಲು ಶಿಕ್ಷಕರೊಬ್ಬರು ರುಚಿ ನೋಡಬೇಕೆಂಬ ನಿಯಮ ಹೇಗೂ ಇದೆ. ರುಚಿ ನೋಡಿ ಹೋಗುವ ಬದಲು ನೀವು, ಮುಖ್ಯ ಶಿಕ್ಷಕರು, ಸಾಧ್ಯವಾದರೆ ಇನ್ನಿಬ್ಬರು, ಮಕ್ಕಳ ಸಾಲಿನಲ್ಲೇ ಕೂತು ದಿನವೂ ಊಟ ಮಾಡಿ. ಸಾಲು ಹಾಜರಿ ಸಂಖ್ಯೆಯ ಪ್ರಕಾರ ಇರಲಿ. ಅಡುಗೆ ಮಾಡುವ ತಾಯಿಯನ್ನು ಮಕ್ಕಳ ಮುಂದೆ “ಅಮ್ಮ” ಎಂದೋ “ಅಕ್ಕ” ಎಂದೋ ಕರೆದು ಮಾತಾಡಿ. ನಾನು ಕಂಡ ಒಂದು ಶಾಲೆಯಲ್ಲಿ ಬೇರೇನೂ ಮಾಡದೆ ಇಷ್ಟರಿಂದಲೇ ಎರಡು ತಿಂಗಳಲ್ಲಿ ಡಬ್ಬಿಗಳು ಕಡಿಮೆಯಾದವು. ಇನ್ನೊಂದು ಶಾಲೆಯಲ್ಲಿ ಆಗಲಿಲ್ಲ. ಅಲ್ಲಿ ಪಾಲಕರು ಗುಂಪಾಗಿ ಬಂದರು. ಅಂಥ ಸಂದರ್ಭದಲ್ಲಿ ನೀವೊಬ್ಬರೇ ನಿಲ್ಲಬೇಡಿ. ಮುಖ್ಯ ಶಿಕ್ಷಕರ ಮೂಲಕ ಬಿಇಒ ಅವರಿಗೆ, ಅಕ್ಷರ ದಾಸೋಹ ಅಧಿಕಾರಿಗೆ, ಸಮಾಜ ಕಲ್ಯಾಣ ಇಲಾಖೆಗೆ ಲಿಖಿತವಾಗಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ದೌರ್ಜನ್ಯದ ಮಟ್ಟಕ್ಕೆ ಹೋದರೆ ರಾಷ್ಟ್ರೀಯ ಸಹಾಯವಾಣಿ 14566 ಇದೆ, ಮಕ್ಕಳಿಗೆ 1098 ಇದೆ.

ನಿಮ್ಮ ಸಹೋದ್ಯೋಗಿಗಳ ಜೊತೆ ವಾದಕ್ಕೆ ಇಳಿಯಬೇಡಿ. ಪಾಠ ಮಾಡುವ ಮೊದಲು ಮುಖ್ಯ ಶಿಕ್ಷಕರಿಗೆ ಪಾಠ ಯೋಜನೆ ತೋರಿಸಿ ಸಹಿ ಹಾಕಿಸಿ. ಪುಸ್ತಕದಲ್ಲಿರುವ ಪಾಠ, ಸಂವಿಧಾನದಲ್ಲಿರುವ ವಿಧಿ. ನಾಳೆ ಯಾರಾದರೂ ಕೇಳಿದರೆ ಆ ಸಹಿ ನಿಮ್ಮ ಬೆನ್ನಿಗಿರುತ್ತದೆ. ಒಂದು ಪಿರಿಯಡ್‌ನಲ್ಲಿ ಮನಸ್ಸು ಬದಲಾಗಲಿ ಎಂದು ಕಾಯಲೂ ಬೇಡಿ. ಹರಿಯಾಣದ 314 ಶಾಲೆಗಳಲ್ಲಿ ಹೆಣ್ಣು ಗಂಡಿನ ತಾರತಮ್ಯದ ಬಗ್ಗೆ ಒಂದು ದೊಡ್ಡ ಪ್ರಯೋಗ ನಡೆಯಿತು. ಅವುಗಳಲ್ಲಿ ಸುಮಾರು ಅರ್ಧದಷ್ಟು ಶಾಲೆಗಳಲ್ಲಿ ಮೂರು ವಾರಕ್ಕೊಮ್ಮೆ 45 ನಿಮಿಷ ಮಕ್ಕಳ ಜೊತೆ ಚರ್ಚೆ, ಎರಡೂವರೆ ವರ್ಷ. ಆ ಮಕ್ಕಳ ನಿಲುವು ನಿಜಕ್ಕೂ ಬದಲಾಯಿತು, ಎರಡು ವರ್ಷದ ನಂತರ ನೋಡಿದಾಗಲೂ ಆ ಬದಲಾವಣೆ ಉಳಿದಿತ್ತು. ಒಂದು ದಿನದ ಜಾಥಾ, ಭಾಷಣ ಸ್ಪರ್ಧೆಯಿಂದ ಹಾಗಾದದ್ದನ್ನು ನಾನು ಕಂಡಿಲ್ಲ. ಸಮಾನತೆಯ ವಚನವನ್ನು ಒಂದೂ ತಪ್ಪಿಲ್ಲದೆ ಹಾಡಿ ಬಹುಮಾನ ಪಡೆದ ಹುಡುಗ ಊಟಕ್ಕೆ ತನ್ನ ಸಾಲಿಗೇ ಹೋಗಿ ಕೂತದ್ದನ್ನು ಕಂಡಿದ್ದೇನೆ.

ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಮುಂದಿನ ವಾರ ತರಗತಿಗೆ ಹೋಗಿ ಹೀಗೆ ಅನ್ನಿ: “ಹೋದ ಸಲ ನಾನು ಪ್ರಶ್ನೆ ಕೇಳಿದ ರೀತಿ ಸರಿ ಇರಲಿಲ್ಲ. ಇವತ್ತು ಬೇರೆ ಥರ ಕೇಳುತ್ತೇನೆ. ಯಾರೂ ಬಾಯಿಬಿಟ್ಟು ಉತ್ತರ ಹೇಳಬೇಕಾಗಿಲ್ಲ.” ಸತಾರಾದ ಆ ನಲ್ಲಿಯ ಕಥೆ ಹೇಳಿ. ಉಳಿದ ಹುಡುಗರ ಬಗ್ಗೆ, ಮೇಷ್ಟ್ರ ಬಗ್ಗೆ ಮಾತಾಡಲಿ. ಕೊನೆಯ ಹತ್ತು ನಿಮಿಷ ಬೋರ್ಡಿನ ಮೇಲೆ ನಿಮ್ಮ ಊರಿನ ಜಾಗಗಳ ಹೆಸರು ಬರೆಯಿರಿ. ಬೋರ್‌ವೆಲ್, ನೀರಿನ ಟ್ಯಾಂಕ್, ಹೋಟೆಲ್, ಕ್ಷೌರದ ಅಂಗಡಿ, ದೇವಸ್ಥಾನ, ಹಾಲಿನ ಡೈರಿ, ನಮ್ಮ ಶಾಲೆಯ ಊಟದ ಸಾಲು. ಪಕ್ಕದಲ್ಲಿ ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ಬರೆಯಿರಿ. ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಎಂದು ಹೆಸರು ಹಿಡಿದೇ ಹೇಳುತ್ತದೆ ಅದು. ಆಮೇಲೆ ಒಂದೇ ಕೆಲಸ ಕೊಡಿ: “ಈ ವಾರ ಇವುಗಳಲ್ಲಿ ಯಾವುದಾದರೂ ಒಂದು ಜಾಗದಲ್ಲಿ ಸುಮ್ಮನೆ ನಿಂತು ನೋಡಿ. ಯಾರು ಒಳಗೆ ಹೋಗುತ್ತಾರೆ, ಯಾರು ಹೊರಗೆ ನಿಲ್ಲುತ್ತಾರೆ. ಯಾರನ್ನೂ ಪ್ರಶ್ನೆ ಮಾಡಬೇಡಿ, ಜಗಳ ಮಾಡಬೇಡಿ, ಹೆಸರು ಬರೆಯಬೇಡಿ. ನೋಡಿದ್ದನ್ನು ನೆನಪಿಟ್ಟುಕೊಳ್ಳಿ.”

ಬೆಲ್ ಹೊಡೆದ ಮೇಲೆ ತಟ್ಟೆ ಹಿಡಿದು ನೀವೂ ಮಕ್ಕಳ ಸಾಲಿನಲ್ಲಿ ನಿಲ್ಲಿ.